ಚೆಂಡು ಕೈಬಿಡುವ ಕ್ಷಣ

2023ರ ಏಪ್ರಿಲ್ 10ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ಮತ್ತು ಲಖನೌ ಸೂಪರ್ ಜೈಂಟ್ಸ್ ನಡುವಿನ ಪಂದ್ಯ ಕೊನೆಯ ಚೆಂಡಿಗೆ ಬಂದು ನಿಂತಿತ್ತು. ಬೆಂಗಳೂರು ತಂಡ 212 ರನ್ ಹೊಡೆದಿತ್ತು. ಲಖನೌ ಕೂಡ 212ಕ್ಕೆ ತಲುಪಿ, ಕೈಯಲ್ಲಿ ಒಂದೇ ವಿಕೆಟ್ ಇಟ್ಟುಕೊಂಡು ಒಂದು ರನ್ನಿಗಾಗಿ ಕಾದಿತ್ತು. ಹರ್ಷಲ್ ಪಟೇಲ್ ಓಡಿ ಬರುತ್ತಿದ್ದಂತೆಯೇ ನಾನ್‌ಸ್ಟ್ರೈಕರ್ ತುದಿಯಲ್ಲಿದ್ದ ರವಿ ಬಿಷ್ಣೋಯಿ ಕ್ರೀಸ್ ಬಿಟ್ಟು ಹೊರಟಿದ್ದರು. ಹರ್ಷಲ್ ಚೆಂಡು ಎಸೆಯುವ ಬದಲು ಬೇಲ್ಸ್ ಉದುರಿಸಲು ಕೈಚಾಚಿದರು, ಸಿಗಲಿಲ್ಲ. ಓಟದ ರಭಸಕ್ಕೆ ಮುಂದೆ ಹೋದವರು ತಿರುಗಿ ಚೆಂಡನ್ನು ವಿಕೆಟ್‌ಗೆ ಎಸೆದರು, ಅದು ಗುರಿ ಮುಟ್ಟಿತು. ಬಿಷ್ಣೋಯಿ ಕ್ರೀಸ್‌ನಿಂದ ಬಹಳ ಹೊರಗಿದ್ದರು. ಆದರೂ ಅಂಪೈರ್ ಔಟ್ ಕೊಡಲಿಲ್ಲ. ಮತ್ತೆ ಹಾಕಿದ ಆ ಚೆಂಡಿಗೆ ಆವೇಶ್ ಖಾನ್ ಬ್ಯಾಟ್ ತಾಗಿಸಲಾಗಲಿಲ್ಲ, ಕೀಪರ್ ದಿನೇಶ್ ಕಾರ್ತಿಕ್ ಕೈಗೆ ಚೆಂಡು ಕೂಡಲೇ ಸಿಗಲಿಲ್ಲ, ಬೈ ರನ್ ಓಡಿ ಲಖನೌ ಗೆದ್ದಿತು. ಇಡೀ ಪಂದ್ಯದ ಫಲಿತಾಂಶ ಒಂದು ಪ್ರಶ್ನೆಯ ಮೇಲೆ ನಿಂತಿತ್ತು: ಓಡಿ ಬರುವ ಬೌಲರ್ ಯಾವ ಕ್ಷಣದವರೆಗೆ ಮನಸ್ಸು ಬದಲಿಸಬಹುದು? ಆ ಕ್ಷಣ ದಾಟಿತೋ ಇಲ್ಲವೋ ಎಂದು ಅಂಪೈರ್ ಏನನ್ನು ನೋಡಿ ತೀರ್ಮಾನಿಸಬೇಕು?

ಈ ಪ್ರಶ್ನೆ ಕ್ರಿಕೆಟ್‌ನದು ಮಾತ್ರವಲ್ಲ. ಚೆಂಡು ಎಸೆಯುವವನೊಬ್ಬ, ಅವನ ಕೈ ನೋಡಿಕೊಂಡು ಓಡಲು ಕಾದಿರುವವನೊಬ್ಬ, ಇಬ್ಬರ ನಡುವೆ ನ್ಯಾಯ ಹೇಳುವವನೊಬ್ಬ ಇರುವ ಎಲ್ಲ ಆಟಗಳಲ್ಲೂ ಇದು ತಲೆಯೆತ್ತುತ್ತದೆ. ಅಮೆರಿಕದ ಬೇಸ್‌ಬಾಲ್ ಇದಕ್ಕೆ ಕೊಟ್ಟಿರುವ ಉತ್ತರಕ್ಕೆ 'ಬಾಕ್' ನಿಯಮ ಎಂದು ಹೆಸರು. ಅಲ್ಲಿ ಪಿಚರ್ ನೆಲದಲ್ಲಿ ಹುಗಿದ ರಬ್ಬರ್ ಪಟ್ಟಿಯ ಮೇಲೆ ಕಾಲಿಟ್ಟು ನಿಲ್ಲುತ್ತಾನೆ. ಎದುರಾಳಿ ಓಟಗಾರ ಒಂದನೇ ಬೇಸ್‌ನಿಂದ ನಾಲ್ಕಾರು ಹೆಜ್ಜೆ ಮುಂದೆ ಸರಿದು, ಚೆಂಡು ಬ್ಯಾಟರ್ ಕಡೆಗೆ ಹೊರಟ ಕೂಡಲೇ ಎರಡನೇ ಬೇಸ್ ಕದಿಯಲು ಹವಣಿಸುತ್ತಾನೆ. ಪಿಚರ್ ಅವನನ್ನು ಹಿಡಿಯಲು ಬೇಸ್‌ಗೆ ಚೆಂಡು ಎಸೆಯಬಹುದು. ಆದರೆ ಬ್ಯಾಟರ್‌ಗೆ ಎಸೆಯುವ ಚಲನೆ ಶುರುಮಾಡಿದ ಮೇಲೆ ಅದನ್ನು ನಡುವೆ ನಿಲ್ಲಿಸುವಂತಿಲ್ಲ. ಬೇಸ್‌ಗೆ ಎಸೆಯುವುದಾದರೆ ಪಾದ ಆ ಬೇಸ್‌ನ ದಿಕ್ಕಿಗೇ ಇಡಬೇಕು. ಎರಡೂ ಕೈ ಜೋಡಿಸಿ ನಿಂತ ಭಂಗಿಯಿಂದ ಎಸೆಯುವ ಮುನ್ನ ಒಮ್ಮೆ ಪೂರ್ತಿ ಸ್ತಬ್ಧನಾಗಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಅಂಪೈರ್ ಬಾಕ್ ಎಂದು ಕೂಗುತ್ತಾನೆ, ಓಟಗಾರರೆಲ್ಲ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ಬರೆದುಕೊಂಡ ನಿಯಮಗಳಲ್ಲೇ ಬಾಕ್‌ನ ಪ್ರಸ್ತಾಪ ಇದೆ. ಆ ಆಟಕ್ಕೆ ಲಿಖಿತ ನಿಯಮ ಹುಟ್ಟಿದಾಗಲೇ ಈ ಜಗಳವೂ ಜೊತೆಗಿತ್ತು.

ಎರಡು ಆಟಗಳೂ ಒಂದೇ ತೊಡಕನ್ನು ಎದುರಿಸಿವೆ, ಆದರೆ ಅನುಮಾನದ ಕಣ್ಣು ಬೇರೆ ಬೇರೆ ಕಡೆಗೆ ನೆಟ್ಟಿದೆ. ಬೇಸ್‌ಬಾಲ್ ಪಿಚರ್‌ನನ್ನು ಅನುಮಾನಿಸುತ್ತದೆ, ಓಟಗಾರ ಮುಂಚೆಯೇ ಹೊರಡುವುದನ್ನು ಜಾಣತನ ಎನ್ನುತ್ತದೆ. ಕ್ರಿಕೆಟ್‌ನ ಲಿಖಿತ ನಿಯಮ ಮುಂಚೆಯೇ ಹೊರಟ ನಾನ್‌ಸ್ಟ್ರೈಕರ್‌ನನ್ನು ತಪ್ಪುಗಾರ ಎಂದರೂ, ಆಟದ ವಾಡಿಕೆ ಬಹುಕಾಲ ಅವನನ್ನು ಔಟ್ ಮಾಡಿದ ಬೌಲರ್‌ನನ್ನೇ ದೂರಿತು. ಇವೆರಡರ ಚರಿತ್ರೆಯನ್ನು ಒಟ್ಟಿಗೆ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ನಿಯಮವು ಕಾಲು, ಕೈ, ಭುಜ, ಗೆರೆ ಎಂದು ಕಣ್ಣಿಗೆ ಕಾಣುವ ಗುರುತನ್ನು ಹೆಸರಿಸಿದಾಗ ಜಗಳ ಕಡಿಮೆಯಾಗಿದೆ, ಆದ ತಪ್ಪನ್ನು ತಿದ್ದುವ ದಾರಿಯೂ ಸಿಕ್ಕಿದೆ. ನಿಯಮವು ಉದ್ದೇಶ, ಮೋಸ, ಕ್ರೀಡಾಸ್ಫೂರ್ತಿ ಎಂಬ ಒಳಗಿನ ಸಂಗತಿಗಳನ್ನು ಅಳೆಯಲು ಹೊರಟಾಗ ಅಂಪೈರ್ ಒಂಟಿಯಾಗಿದ್ದಾನೆ, ಆಟಗಾರನ ಹೆಸರು ಕೆಟ್ಟಿದೆ. ಆದ್ದರಿಂದ ಅಂಪೈರ್‌ಗೆ ಮನಸ್ಸು ಓದುವ ಕೆಲಸ ಕೊಡಬಾರದು ಎಂಬುದು ಈ ಲೇಖನದ ವಾದ. ಕಳೆದ ಇನ್ನೂರು ವರ್ಷಗಳ ಕಥೆ ಅದಕ್ಕೆ ಸಾಕ್ಷಿ ಒದಗಿಸುತ್ತದೆ, ಅದರಲ್ಲಿ ಬೆಂಗಳೂರಿನ ಪಾಲೂ ಸಣ್ಣದಲ್ಲ.

ಕ್ರಿಕೆಟ್‌ನ ಮೊದಲ ಲಿಖಿತ ನಿಯಮಾವಳಿ 1744ರದು. ಆಗ ಚೆಂಡನ್ನು ಕೆಳಗೈಯಿಂದ ಹಾಕುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೈ ಮೆಲ್ಲಗೆ ಮೇಲೇರತೊಡಗಿತು, ಅದರೊಂದಿಗೆ ಅಂಪೈರ್‌ಗಳ ಸಂಕಟವೂ ಏರಿತು. 1822ರಲ್ಲಿ ಲಾರ್ಡ್ಸ್‌ನಲ್ಲಿ ಕೆಂಟ್ ಪರ ಆಡುತ್ತಿದ್ದ ಜಾನ್ ವಿಲ್ಸ್ ಕೈಯನ್ನು ಪಕ್ಕಕ್ಕೆ ಚಾಚಿ ಬೌಲ್ ಮಾಡಿದ್ದಕ್ಕೆ ನೋಬಾಲ್ ಆಯಿತು, ಅವರು ಮೈದಾನ ಬಿಟ್ಟು ಕುದುರೆ ಹತ್ತಿ ಹೊರಟುಹೋದರು. 1835ರಲ್ಲಿ ಕೈಯನ್ನು ಭುಜದ ಮಟ್ಟದವರೆಗೆ ಎತ್ತಲು ನಿಯಮ ಒಪ್ಪಿತು. ಆದರೆ ವೇಗವಾಗಿ ಸುತ್ತುವ ಕೈ ಭುಜದ ಮಟ್ಟ ದಾಟಿತೇ ಇಲ್ಲವೇ ಎಂದು ಬರಿಗಣ್ಣಿಗೆ ಹೇಳುವುದು ಹೇಗೆ? 1862ರಲ್ಲಿ ಓವಲ್ ಮೈದಾನದಲ್ಲಿ ಅಂಪೈರ್ ಜಾನ್ ಲಿಲಿವೈಟ್, ಎಡ್ಗರ್ ವಿಲ್ಶರ್ ಅವರ ಆರು ಎಸೆತಗಳನ್ನು ಸಾಲಾಗಿ ನೋಬಾಲ್ ಎಂದರು. ಆಟಗಾರರು ಪ್ರತಿಭಟಿಸಿ ಹೊರನಡೆದರು. ಮರುದಿನ ಬದಲಾದದ್ದು ಬೌಲರ್ ಅಲ್ಲ, ಅಂಪೈರ್. ಪುಸ್ತಕದಲ್ಲಿದ್ದುದನ್ನು ಜಾರಿಗೆ ತಂದವರೇ ಜಾಗ ಬಿಡಬೇಕಾಯಿತು. ಎರಡೇ ವರ್ಷದಲ್ಲಿ, ಅಂದರೆ 1864ರಲ್ಲಿ, ಕೈ ಎಷ್ಟು ಎತ್ತರಕ್ಕೂ ಹೋಗಬಹುದೆಂದು ನಿಯಮ ತಿದ್ದಿಕೊಂಡಿತು. ಮನುಷ್ಯನ ಕಣ್ಣಿಗೆ ನಿಲುಕದ ಗಡಿಯೊಂದನ್ನು ಕಾಯಲು ಅಂಪೈರ್‌ನನ್ನು ನಿಲ್ಲಿಸಿದರೆ ಕೊನೆಗೆ ಆ ಗಡಿಯೂ ಉಳಿಯುವುದಿಲ್ಲ, ಅಂಪೈರ್‌ನ ಮಾನವೂ ಉಳಿಯುವುದಿಲ್ಲ ಎಂಬುದು ಅಂದೇ ಕಲಿಯಬಹುದಾಗಿದ್ದ ಪಾಠ.

ನಾನ್‌ಸ್ಟ್ರೈಕರ್‌ನನ್ನು ಬೌಲರ್ ರನ್‌ಔಟ್ ಮಾಡುವುದೂ ಅಷ್ಟೇ ಹಳೆಯದು. ನಾಟಿಂಗ್‌ಹ್ಯಾಮ್‌ಶೈರ್‌ನ ಥಾಮಸ್ ಬಾರ್ಕರ್ 1835ರಷ್ಟು ಹಿಂದೆಯೇ ಹಾಗೆ ಮಾಡಿದ್ದರು. ಆದರೆ ಅದಕ್ಕೆ ಹೆಸರು ಅಂಟಿದ್ದು ಭಾರತೀಯನಿಂದ. ಸ್ವತಂತ್ರ ಭಾರತದ ಮೊದಲ ವಿದೇಶ ಪ್ರವಾಸದಲ್ಲಿ, 1947ರ ನವೆಂಬರ್‌ನಲ್ಲಿ, ವಿನೂ ಮಂಕಡ್ ಸಿಡ್ನಿಯ ಪ್ರವಾಸ ಪಂದ್ಯವೊಂದರಲ್ಲಿ ಬಿಲ್ ಬ್ರೌನ್‌ಗೆ ಮೊದಲು ಎಚ್ಚರಿಕೆ ಕೊಟ್ಟು, ಆಮೇಲೂ ಅವರು ಮುಂಚೆಯೇ ಹೊರಟಾಗ ರನ್‌ಔಟ್ ಮಾಡಿದರು. ಡಿಸೆಂಬರ್ 13ರಂದು ಅದೇ ಮೈದಾನದ ಟೆಸ್ಟ್‌ನಲ್ಲಿ ಬ್ರೌನ್ 18 ರನ್ ಮಾಡಿದ್ದಾಗ ಮತ್ತೆ ಅದೇ ತಪ್ಪು ಮಾಡಿದರು, ಮಂಕಡ್ ಮತ್ತೆ ಬೇಲ್ಸ್ ಉದುರಿಸಿದರು. ಅಂಪೈರ್‌ಗೆ ಸಂದೇಹವಿರಲಿಲ್ಲ, ಕಾಲು ಹೊರಗಿತ್ತು, ನಿಯಮ ಪುಸ್ತಕದಲ್ಲಿತ್ತು. ಎದುರಾಳಿ ನಾಯಕ ಡಾನ್ ಬ್ರಾಡ್‌ಮನ್ ಕೂಡ ತಮ್ಮ ಆತ್ಮಕಥೆಯಲ್ಲಿ ಮಂಕಡ್ ಪರವಾಗಿಯೇ ಬರೆದರು. ಆದರೂ ಪತ್ರಿಕೆಗಳು ಗುಲ್ಲೆಬ್ಬಿಸಿದವು. ಎರಡು ಬಾರಿ ಕ್ರೀಸ್ ಬಿಟ್ಟ ಬ್ಯಾಟರ್‌ನ ಹೆಸರು ಮರೆಯಾಗಿ, ಹಿಡಿದವನ ಹೆಸರು ಒಂದು ಆಪಾದನೆಯಂತೆ ಎಪ್ಪತ್ತು ವರ್ಷ ಉಳಿಯಿತು. ನಿಯಮ ಹೇಳಿದ್ದೊಂದು, ಸ್ಫೂರ್ತಿಯ ಹೆಸರಿನಲ್ಲಿ ನಡೆದದ್ದು ಇನ್ನೊಂದು. ಲೋಕದ ಅತ್ಯುತ್ತಮ ಆಲ್‌ರೌಂಡರ್‌ಗಳಲ್ಲಿ ಒಬ್ಬರಾಗಿದ್ದ ಮಂಕಡ್‌ಗೆ ಇದು ಆದ ಅನ್ಯಾಯ, ಮತ್ತು ಅದನ್ನು ಅನ್ಯಾಯವೆಂದೇ ಹೇಳಬೇಕು.

ಅಲ್ಲಿಂದ ಮುಂದೆ ನಿಯಮ ಮಾಡುವವರು ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತಡಕಾಡಿದ್ದಾರೆ. 2000ದ ನಿಯಮಾವಳಿ, ಬೌಲರ್ ಚೆಂಡೆಸೆಯುವ ಕೊನೆಯ ದಾಪುಗಾಲು ಹಾಕುವ ಮೊದಲು ಮಾತ್ರ ನಾನ್‌ಸ್ಟ್ರೈಕರ್‌ನನ್ನು ರನ್‌ಔಟ್ ಮಾಡಬಹುದು ಎಂದಿತು. ಆ ದಾಪುಗಾಲು ಶುರುವಾಯಿತೆಂದು ಗೊತ್ತಾದರೆ ಸಾಕು, ಬ್ಯಾಟರ್ ನಿಶ್ಚಿಂತನಾಗಿ ಓಡಬಹುದಿತ್ತು. ಅಂತರರಾಷ್ಟ್ರೀಯ ಪಂದ್ಯಗಳಿಗೆ ಐಸಿಸಿ 2011ರಲ್ಲಿ ಗಡಿಯನ್ನು ಮುಂದಕ್ಕೆ ತಂದು, ಕೈ ತನ್ನ ಮಾಮೂಲು ಸುತ್ತನ್ನು ಮುಗಿಸುವವರೆಗೆ ಅವಕಾಶ ಕೊಟ್ಟಿತು. 2017ರ ನಿಯಮಾವಳಿ ಇದನ್ನೇ ಎಲ್ಲರಿಗೂ ಅನ್ವಯಿಸಿ, ಬೌಲರ್ ಸಾಮಾನ್ಯವಾಗಿ ಚೆಂಡು ಕೈಬಿಡಬೇಕಿದ್ದ ಕ್ಷಣದವರೆಗೆ ಎಂದು ಬರೆಯಿತು. 2022ರ ಅಕ್ಟೋಬರ್ 1ರಿಂದ ಈ ವಿಧಿ 'ಅನುಚಿತ ಆಟ'ದ ಅಧ್ಯಾಯದಿಂದ ಹೊರಬಂದು ಮಾಮೂಲು ರನ್‌ಔಟ್ ಅಧ್ಯಾಯ ಸೇರಿತು. ಆದರೆ ಆ ಕ್ಷಣ ಯಾವುದು? 2023ರ ಜನವರಿ 3ರಂದು ಮೆಲ್ಬರ್ನ್‌ನಲ್ಲಿ ಆಡಂ ಝಾಂಪಾ, ಟಾಮ್ ರಾಜರ್ಸ್ ಅವರ ಬೇಲ್ಸ್ ಉದುರಿಸಿದಾಗ ಟಿವಿ ಅಂಪೈರ್ ನಾಟೌಟ್ ಎಂದರು. ಝಾಂಪಾ ಕೈ ಆಗಲೇ ನೆತ್ತಿಯ ಮೇಲಿನ ತುದಿ ದಾಟಿ ಕೆಳಗಿಳಿಯುತ್ತಿತ್ತು. ಅದೇ ತಿಂಗಳು ಕ್ರಿಕೆಟ್ ನಿಯಮಗಳನ್ನು ಬರೆಯುವ ಎಂಸಿಸಿ ವಿವರಣೆ ಕೊಟ್ಟು, ಕೈ ತನ್ನ ಸುತ್ತಿನ ಅತಿ ಎತ್ತರದ ಬಿಂದು ತಲುಪುವುದೇ ಗಡಿ ಎಂದು ಖಚಿತಪಡಿಸಿತು. ಅದರ ಜೊತೆಗೆ ಇನ್ನೊಂದು ಮಾತೂ ಪುಸ್ತಕದಲ್ಲಿದೆ: ಬೌಲರ್‌ನ ಯತ್ನ ವಿಫಲವಾದರೆ ಅಂಪೈರ್ ಆದಷ್ಟು ಬೇಗ ಡೆಡ್‌ಬಾಲ್ ಎನ್ನಬೇಕು, ಆ ಎಸೆತ ಓವರ್ ಲೆಕ್ಕಕ್ಕೆ ಸೇರುವುದಿಲ್ಲ. ಈ ಎರಡು ಗೆರೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಚಿನ್ನಸ್ವಾಮಿ ಕ್ರೀಡಾಂಗಣದ ಆ ರಾತ್ರಿಯ ತೀರ್ಪು ಅರ್ಥವಾಗುತ್ತದೆ. ಓಡುತ್ತಾ ಬೇಲ್ಸ್ ಮುಟ್ಟಿದ್ದರೆ ಔಟ್, ತಪ್ಪಿಸಿಕೊಂಡು ಮುಂದೆ ಹೋಗಿ ತಿರುಗಿ ಎಸೆದರೆ ಇಲ್ಲ. ಬಿಷ್ಣೋಯಿ ಸಜ್ಜನರೋ, ಹರ್ಷಲ್ ಕಪಟಿಯೋ ಎಂದು ಯಾರೂ ಕೇಳಬೇಕಾಗಲಿಲ್ಲ.

ಕೇಳಿದಾಗ ಏನಾಗುತ್ತದೆ ಎನ್ನುವುದಕ್ಕೆ 2019ರ ಮಾರ್ಚ್‌ನ ಒಂದೇ ವಾರದ ಎರಡು ಘಟನೆಗಳನ್ನು ಎದುರುಬದುರು ಇಡಬಹುದು. ಮಾರ್ಚ್ 25ರಂದು ಜೈಪುರದಲ್ಲಿ ಆರ್. ಅಶ್ವಿನ್, 69 ರನ್ ಮಾಡಿ ಆಡುತ್ತಿದ್ದ ಜೋಸ್ ಬಟ್ಲರ್‌ರನ್ನು ನಾನ್‌ಸ್ಟ್ರೈಕರ್ ತುದಿಯಲ್ಲಿ ರನ್‌ಔಟ್ ಮಾಡಿದರು. ಅಶ್ವಿನ್ ಒಂದು ಕ್ಷಣ ತಡೆದು ನಿಂತರೇ, ಬಟ್ಲರ್ ಹೊರಬರಲೆಂದೇ ತಡೆದರೇ ಎಂಬುದು ವಿವಾದವಾಯಿತು. ನಿಯಮ ಬರೆಯುವ ಎಂಸಿಸಿ ಮೊದಲು ಬೌಲರ್‌ನನ್ನು ಸಮರ್ಥಿಸುವ ಧಾಟಿಯಲ್ಲಿ ಮಾತಾಡಿ, ಮತ್ತೆ ಪರಿಶೀಲಿಸಿ, ಆ ತಡೆ ಆಟದ ಸ್ಫೂರ್ತಿಗೆ ಒಪ್ಪುವುದಲ್ಲ ಎಂದಿತು. ಬರೆದವರೇ ಎರಡು ದಿನದಲ್ಲಿ ಎರಡು ಮಾತಾಡಿದರೆ ಬಿಸಿಲಲ್ಲಿ ನಿಂತ ಅಂಪೈರ್ ಯಾವುದನ್ನು ಹಿಡಿಯಬೇಕು? ಮೂರು ದಿನ ಕಳೆದು, ಮಾರ್ಚ್ 28ರಂದು, ಬೆಂಗಳೂರಿನಲ್ಲಿ ಮುಂಬೈ ವಿರುದ್ಧದ ಪಂದ್ಯದ ಕೊನೆಯ ಎಸೆತದಲ್ಲಿ ಲಸಿತ್ ಮಾಲಿಂಗ ಅವರ ಪಾದ ಗೆರೆ ದಾಟಿತ್ತು. ಅಂಪೈರ್ ಎಸ್. ರವಿ ಗಮನಿಸಲಿಲ್ಲ, ಬೆಂಗಳೂರು 6 ರನ್ನಿಂದ ಸೋತಿತು, ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿಯೇ ಸಿಟ್ಟಾದರು. ಇದು ದೊಡ್ಡ ತಪ್ಪೇ. ಆದರೆ ಇಲ್ಲಿ ಮಾಲಿಂಗ ಬೇಕೆಂದೇ ಗೆರೆ ದಾಟಿದರೇ ಎಂಬ ಚರ್ಚೆ ನಡೆಯಲಿಲ್ಲ, ಏಕೆಂದರೆ ನೋಬಾಲ್‌ಗೆ ಉದ್ದೇಶ ಬೇಕಿಲ್ಲ, ಪಾದ ಸಾಕು. 2020ರ ಮಹಿಳಾ ಟಿ20 ವಿಶ್ವಕಪ್‌ನಿಂದ ಹಿಡಿದು ಐಪಿಎಲ್‌ವರೆಗೆ ಮುಂಗಾಲಿನ ನೋಬಾಲ್ ನೋಡುವ ಕೆಲಸ ಟಿವಿ ಅಂಪೈರ್‌ಗೆ ಹೋಯಿತು, ಜಗಳ ಹೆಚ್ಚೂಕಡಿಮೆ ತೀರಿತು. ಗುರುತು ಇದ್ದಲ್ಲಿ ಆದ ತಪ್ಪಿಗೆ ಪರಿಹಾರ ಸಿಕ್ಕಿತು. ಸ್ಫೂರ್ತಿಗೆ ಬಿಟ್ಟಲ್ಲಿ ಬಟ್ಲರ್ ಪ್ರಕರಣದ ವಾದ ವರ್ಷಗಟ್ಟಲೆ ಬೆಳೆಯಿತು.

ಚೆಂಡು ಹಾಕುವಾಗ ಬೌಲರ್‌ನ ಬಾಗಿದ ಮೊಣಕೈ ನೆಟ್ಟಗಾಯಿತೇ ಎಂಬ ಪ್ರಶ್ನೆಯೂ ಇದೇ ದಾರಿ ಹಿಡಿದು ಬಂದದ್ದು, ಅದರ ಒಂದು ಮುಖ್ಯ ತಿರುವು ಬೆಂಗಳೂರಿನಲ್ಲೇ ನಡೆಯಿತು. 1963ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಅಂಪೈರ್ ಕಾಲ್ ಎಗರ್, ಇಯನ್ ಮೆಕಿಫ್ ಅವರ ಒಂದೇ ಓವರಿನಲ್ಲಿ ನಾಲ್ಕು ಸಲ ಥ್ರೋ ಎಂದು ನೋಬಾಲ್ ಕೊಟ್ಟರು. ಮೆಕಿಫ್ ಮತ್ತೆಂದೂ ಟೆಸ್ಟ್ ಆಡಲಿಲ್ಲ. 1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಡ್ಯಾರೆಲ್ ಹೇರ್, ಮುತ್ತಯ್ಯ ಮುರಳೀಧರನ್‌ಗೆ ಏಳು ಸಲ ಹಾಗೆಯೇ ಮಾಡಿದರು. ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗದ ಕೈಯದು ಎಂಬುದು ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ. ಆಮೇಲೆ ನಡೆದ ಕ್ಯಾಮೆರಾ ಪರೀಕ್ಷೆಗಳಲ್ಲಿ, ಶುದ್ಧ ಎನಿಸಿಕೊಂಡಿದ್ದ ಬೌಲರ್‌ಗಳ ಮೊಣಕೈ ಕೂಡ ಕೆಲವು ಡಿಗ್ರಿ ನೆಟ್ಟಗಾಗುತ್ತದೆ ಎಂದು ಗೊತ್ತಾಯಿತು. 2005ರಿಂದ ಎಲ್ಲರಿಗೂ 15 ಡಿಗ್ರಿಯ ಮಿತಿ ಬಂತು. ಅದಕ್ಕಿಂತ ಕಡಿಮೆ ನೆಟ್ಟಗಾದರೆ ಕಣ್ಣಿಗೆ ಕಾಣುವುದೇ ಕಷ್ಟ ಎಂಬುದು ಆ ಅಂಕಿಯ ಹಿಂದಿನ ತರ್ಕ. ಅನಿಲ್ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿ 2014ರ ಜೂನ್ ಮೊದಲ ವಾರ ಬೆಂಗಳೂರಿನಲ್ಲಿ ಸೇರಿ, ಅನುಮಾನದ ಬೌಲಿಂಗ್ ಶೈಲಿಗಳನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂದು ಹೇಳಿತು. ಕೆಲವೇ ತಿಂಗಳಲ್ಲಿ ಸಯೀದ್ ಅಜ್ಮಲ್‌ರಂಥ ಅಗ್ರ ಸ್ಪಿನ್ನರ್ ಬೌಲಿಂಗ್ ನಿಲ್ಲಿಸಿ ಶೈಲಿ ತಿದ್ದಿಕೊಳ್ಳಬೇಕಾಯಿತು. ಶ್ರೀಲಂಕಾದ ಸಚಿತ್ರ ಸೇನಾನಾಯಕೆ ಕೂಡ ಆ ವರ್ಷ ಹಾಗೆ ಅಮಾನತಾದವರು. ಬೌಲಿಂಗ್ ಶೈಲಿಯ ಬಗ್ಗೆ ದೂರು ದಾಖಲಾದ ಕೆಲವೇ ದಿನಕ್ಕೆ, ಜೂನ್ 3ರಂದು, ಇಂಗ್ಲೆಂಡ್‌ನ ಎಜ್‌ಬಾಸ್ಟನ್‌ನಲ್ಲಿ ಎಚ್ಚರಿಕೆ ಕೊಟ್ಟ ಮೇಲೆ ಬಟ್ಲರ್‌ರನ್ನು ನಾನ್‌ಸ್ಟ್ರೈಕರ್ ತುದಿಯಲ್ಲಿ ರನ್‌ಔಟ್ ಮಾಡಿದವರೂ ಅವರೇ. ಒಬ್ಬನೇ ಬೌಲರ್‌ನ ಮೇಲೆ ಎರಡು ಆಕ್ಷೇಪ ಬಂದವು. ಮೊಣಕೈಯದನ್ನು ಪ್ರಯೋಗಾಲಯ ಅಳೆದು ಹೇಳಿತು, ಅವರು ತಿದ್ದಿಕೊಂಡು ಮರಳಿದರು. ಸ್ಫೂರ್ತಿಯದನ್ನು ಅಳೆಯುವ ಯಂತ್ರ ಇರಲಿಲ್ಲ, ಅದಕ್ಕೆ ಬಿಡುಗಡೆಯೂ ಇರಲಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪ ಬೇಸ್‌ಬಾಲ್‌ನಿಂದಲೇ ಬರುತ್ತದೆ. ಬಾಕ್ ನಿಯಮದ ಜೊತೆಗಿರುವ ಟಿಪ್ಪಣಿ, ಓಟಗಾರನನ್ನು ಬೇಕೆಂದೇ ವಂಚಿಸುವುದನ್ನು ತಡೆಯುವುದೇ ನಿಯಮದ ಗುರಿ, ಅನುಮಾನ ಬಂದರೆ ಪಿಚರ್‌ನ ಉದ್ದೇಶವನ್ನೇ ಆಧಾರವಾಗಿ ಹಿಡಿಯಿರಿ ಎಂದು ಅಂಪೈರ್‌ಗೆ ಹೇಳುತ್ತದೆ. ಗುರುತುಗಳನ್ನೇ ಬಿಗಿಯಾಗಿ ಹಿಡಿದರೆ ಆಟ ಕೆಡುತ್ತದೆ ಎನ್ನುವವರು 1988ರ ಉದಾಹರಣೆ ಕೊಡುತ್ತಾರೆ. ಆ ವರ್ಷ ಅಮೆರಿಕದ ಮೇಜರ್ ಲೀಗ್, ಪಿಚರ್‌ನ ನಿಲುಗಡೆ ಪೂರ್ಣವಾಗಿದ್ದರೆ ಸಾಲದು, ಸ್ಪಷ್ಟವಾಗಿ ಗೋಚರಿಸಲೂ ಬೇಕು ಎಂದು ಮಾತು ಸೇರಿಸಿತು. ಆ ಸಾಲಿನ ಒಟ್ಟು ಬಾಕ್‌ಗಳು 900 ಮೀರಿದವು, ಹಿಂದಿನ ವರ್ಷದ ಎರಡು ಪಟ್ಟಿಗೂ ಹೆಚ್ಚು. ಓಕ್‌ಲ್ಯಾಂಡ್‌ನ ಡೇವ್ ಸ್ಟೂವರ್ಟ್ ಒಬ್ಬರೇ 16 ಬಾಕ್ ಮಾಡಿ ದಾಖಲೆ ಬರೆದರು. ಮರುವರ್ಷ ಆ ಮಾತನ್ನು ತೆಗೆದುಹಾಕಿದರು. ಆದರೆ ಈ ಉದಾಹರಣೆ ನನ್ನ ವಾದವನ್ನು ಕೆಡವುವುದಿಲ್ಲ, ಗಟ್ಟಿ ಮಾಡುತ್ತದೆ. ಗೋಚರಿಸುವಷ್ಟು ನಿಲ್ಲಬೇಕು ಎಂದರೆ ಎಷ್ಟು ಹೊತ್ತು? ಯಾರ ಕಣ್ಣಿಗೆ? ಅದು ಗುರುತಾಗಿರಲಿಲ್ಲ, ಪ್ರತಿ ಅಂಪೈರ್‌ಗೂ ಬೇರೆಯಾಗುವ ಅಂದಾಜಿಗೆ ಬಿಗಿ ಆದೇಶದ ಬಣ್ಣ ಹಚ್ಚಿದ್ದಷ್ಟೇ. ಇದಕ್ಕೆ ಹೋಲಿಸಿ 2013ರ ತಿದ್ದುಪಡಿ ನೋಡಿ. ಮೂರನೇ ಬೇಸ್‌ಗೆ ಎಸೆಯುವಂತೆ ನಟಿಸಿ, ತಿರುಗಿ ಒಂದನೇ ಬೇಸ್‌ಗೆ ಎಸೆಯುವ ಹಳೆಯ ಚಾಲಾಕಿಯನ್ನು ಅಂದಿನಿಂದ ನೇರವಾಗಿ ಬಾಕ್ ಎಂದರು. ಅದು ಗದ್ದಲವಿಲ್ಲದೆ ಆಟದಿಂದ ಮಾಯವಾಯಿತು. 2023ರಲ್ಲಿ ಒಬ್ಬ ಬ್ಯಾಟರ್‌ನ ಸರದಿಯಲ್ಲಿ ಪಿಚರ್ ಪಟ್ಟಿಯಿಂದ ಕಾಲು ತೆಗೆಯುವುದಕ್ಕೆ ಎರಡು ಸಲದ ಮಿತಿ ಹಾಕಿದರು. ಮೂರನೇ ಸಲ ಓಟಗಾರ ಔಟಾಗದಿದ್ದರೆ ಬಾಕ್. ಬೇಸ್‌ಗಳ ಗಾತ್ರವನ್ನೂ ಹಿಗ್ಗಿಸಿದ್ದರಿಂದ, ಕದ್ದ ಬೇಸ್‌ಗಳ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು 2500ರಿಂದ 3500ಕ್ಕೆ ಏರಿತು. ಎಣಿಕೆ ಎಣಿಸಲು ಯಾವ ಅಂಪೈರ್‌ಗೂ ಮನಸ್ಸು ಓದುವ ವಿದ್ಯೆ ಬೇಕಾಗಲಿಲ್ಲ.

ಎರಡನೆಯ ಆಕ್ಷೇಪ ನಮ್ಮ ನೆಲದ್ದೇ, ಅದಕ್ಕೆ ಗೌರವದಿಂದ ಉತ್ತರಿಸಬೇಕು. 1980ರ ಫೆಬ್ರವರಿಯಲ್ಲಿ ಮುಂಬೈನ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದವರು ಭದ್ರಾವತಿಯ ಜಿ. ಆರ್. ವಿಶ್ವನಾಥ್. 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡ್‌ನ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಹನುಮಂತರಾವ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಮನಗಂಡ ವಿಶ್ವನಾಥ್ ಮನವಿ ಹಿಂತೆಗೆದು ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಇಯನ್ ಬೋಥಮ್ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ನೆನೆಯುವ ನಡೆ ಅದು. ಸ್ಫೂರ್ತಿಗೆ ಜಾಗವಿಲ್ಲ ಎಂದರೆ ವಿಶ್ವನಾಥ್‌ಗೂ ಜಾಗವಿಲ್ಲ ಎಂದಂತಾಗದೇ? ಆಗುವುದಿಲ್ಲ. ಅಂದು ಔಟ್ ಕೊಡುವುದು ಬಿಡುವುದು ಅಂಪೈರ್‌ನ ಕೆಲಸವಾಗಿತ್ತು, ಮನವಿ ಉಳಿಸಿಕೊಳ್ಳುವುದು ಬಿಡುವುದು ನಾಯಕನ ಹಕ್ಕಾಗಿತ್ತು. ವಿಶ್ವನಾಥ್ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು, ಅಂಪೈರ್‌ನ ಕೆಲಸವನ್ನು ಕೈಗೆತ್ತಿಕೊಳ್ಳಲಿಲ್ಲ. ಅವರು ತಿದ್ದಿದ್ದು ನಡೆದ ಸಂಗತಿಯಲ್ಲಿದ್ದ ಒಂದು ತಪ್ಪನ್ನು: ಬ್ಯಾಟಿಗೆ ತಾಗದ ಚೆಂಡು ತಾಗಿದೆ ಎಂದು ಆಗಿತ್ತು. ನಾನ್‌ಸ್ಟ್ರೈಕರ್ ನಿಜವಾಗಿ ಕ್ರೀಸ್ ಬಿಟ್ಟಾಗ ಅಂಥ ತಪ್ಪೇ ಇರುವುದಿಲ್ಲ. ಔದಾರ್ಯ ಆಟಗಾರನ ಸ್ವಂತ ಆಸ್ತಿ. ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿ, ತೋರದವರನ್ನು ಅಪರಾಧಿ ಎಂದರೆ ಅದು ಔದಾರ್ಯವಾಗಿಯೂ ಉಳಿಯುವುದಿಲ್ಲ, ವಿಶ್ವನಾಥ್ ಮಾಡಿದ್ದರ ಬೆಲೆಯೂ ಉಳಿಯುವುದಿಲ್ಲ.

ಮೊದಲು ಎಚ್ಚರಿಸಿ, ಆಮೇಲೆ ಔಟ್ ಮಾಡಿ ಎನ್ನುವವರು ಇನ್ನೂ ಬಹಳ. 2022ರ ಸೆಪ್ಟೆಂಬರ್ 24ರಂದು ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ, 47 ರನ್ ಮಾಡಿ ಇಂಗ್ಲೆಂಡ್‌ನ್ನು ಗೆಲುವಿನ ಹತ್ತಿರ ಒಯ್ದಿದ್ದ ಚಾರ್ಲಿ ಡೀನ್‌ರನ್ನು ಹೀಗೆ ಔಟ್ ಮಾಡಿ ಪಂದ್ಯ ಗೆಲ್ಲಿಸಿದಾಗ ಮೊದಲು ಎದ್ದ ಪ್ರಶ್ನೆಯೇ ಎಚ್ಚರಿಕೆ ಕೊಟ್ಟಿದ್ದರೇ ಎಂಬುದು. ನಿಯಮದಲ್ಲಿ ಎಚ್ಚರಿಕೆಯ ಮಾತಿಲ್ಲ. ಮುಂದೆ ನುಗ್ಗಿದ ಬ್ಯಾಟರ್‌ನನ್ನು ಸ್ಟಂಪ್ ಮಾಡುವ ಮುನ್ನ ಯಾವ ಕೀಪರ್ ಕೂಡ ಎಚ್ಚರಿಸುವುದಿಲ್ಲ, ಎಚ್ಚರಿಸಬೇಕೆಂದು ಯಾರೂ ಬಯಸುವುದಿಲ್ಲ. ಎಚ್ಚರಿಕೆ ಕಡ್ಡಾಯವಾದರೆ ಪ್ರತಿ ಬ್ಯಾಟರ್‌ಗೂ ಒಂದು ಪುಕ್ಕಟೆ ತಪ್ಪು ಸಿಗುತ್ತದೆ. ಕೊನೆಯ ಓವರಿನಲ್ಲಿ ಆ ಒಂದು ತಪ್ಪೇ ಪಂದ್ಯದ ಬೆಲೆಯಾಗಬಹುದು. ಎಚ್ಚರಿಕೆ ಕೊಟ್ಟರೂ ಬಯ್ಗುಳ ತಪ್ಪುವುದಿಲ್ಲ ಎಂಬುದಕ್ಕೆ 1947ರ ಮಂಕಡ್, 2014ರ ಸೇನಾನಾಯಕೆ ಇಬ್ಬರೂ ಸಾಕ್ಷಿ. ಇನ್ನೂ ಒಂದು ತೊಂದರೆ ಇದೆ. ಎಚ್ಚರಿಕೆ ಯಾವಾಗ ಕೊಟ್ಟರು, ಯಾರಿಗೆ ಕೊಟ್ಟರು, ಹೊಸ ಬ್ಯಾಟರ್‌ಗೂ ಅದು ಅನ್ವಯವೇ ಎಂಬ ಲೆಕ್ಕ ಅಂಪೈರ್ ತಲೆಗೆ ಬೀಳುತ್ತದೆ. ಒಂದು ಸರಳ ಗೆರೆಯ ಜಾಗದಲ್ಲಿ ಹತ್ತು ಹೊಸ ತಕರಾರು ಹುಟ್ಟುತ್ತವೆ.

ನಮ್ಮ ದೇಸಿ ಆಟಗಳನ್ನು ನೋಡಿದರೆ ಈ ವಿವೇಕ ಹೊರಗಿನಿಂದ ಬರಬೇಕಾದ್ದಲ್ಲ ಎಂದು ತಿಳಿಯುತ್ತದೆ. ಖೋ-ಖೋ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವರು ಒಮ್ಮೆ ಒಂದು ಕಂಬದ ಕಡೆಗೆ ದಿಕ್ಕು ಹಿಡಿದರೆ ಹಿಂದಕ್ಕೆ ತಿರುಗುವಂತಿಲ್ಲ. ಭುಜದ ಗೆರೆ ಹಿಡಿದ ದಿಕ್ಕಿನಿಂದ ಮಿತಿಮೀರಿ ಹೊರಳಿದರೆ ಫೌಲ್. ಕೂತವರು ಖೋ ಬೀಳುವ ಮೊದಲೇ ಎದ್ದರೂ ಫೌಲ್. ಎದುರಾಳಿಯನ್ನು ದಿಕ್ಕು ತಪ್ಪಿಸುವ ಇಚ್ಛೆ ಇತ್ತೇ ಎಂದು ಯಾರೂ ವಿಚಾರಿಸುವುದಿಲ್ಲ, ಭುಜ ಮತ್ತು ಪಾದವೇ ಹೇಳುತ್ತವೆ. ಚಲನೆ ಶುರುಮಾಡಿದ ಮೇಲೆ ಬದಲಿಸಬಾರದು ಎಂಬ ಬಾಕ್ ನಿಯಮದ ತಿರುಳು ಇದೇ. ಕಬಡ್ಡಿಯಲ್ಲಿ ಹಿಂದೆ ದಾಳಿಗಾರನ ಉಸಿರು ಕಡಿಯಿತೇ ಎಂದು ಕಿವಿಗೊಟ್ಟು ಕೇಳುವುದೊಂದೇ ದಾರಿಯಾಗಿದ್ದು, ಅದೇ ದೊಡ್ಡ ಜಗಳದ ಮೂಲವಾಗಿತ್ತು. ಈಗ ಕಬಡ್ಡಿ ಎಂಬ ಕೂಗು ಉಳಿದಿದ್ದರೂ ದಾಳಿಗೆ 30 ಸೆಕೆಂಡಿನ ಗಡುವಿದೆ, ಅಂಕಣದ ಮೇಲೆ ಎಳೆದ ಬಾಕ್ ಗೆರೆಯನ್ನು ಒಮ್ಮೆಯಾದರೂ ದಾಟದೆ ಮರಳಿದರೆ ದಾಳಿಗಾರ ಔಟ್. ಉಸಿರಿನ ಜಾಗಕ್ಕೆ ಗಡಿಯಾರ ಬಂದುದರಿಂದ ಕಬಡ್ಡಿ ಸೊರಗಲಿಲ್ಲ. ಊರೂರಿನ ಮಣ್ಣಿನ ಅಂಕಣದಿಂದ ದೂರದರ್ಶನದ ಪರದೆಗೆ ಬಂದು ನಿಲ್ಲುವಷ್ಟು ಬೆಳೆಯಿತು.

ಈ ಎಲ್ಲದರ ನಿಜವಾದ ಪರೀಕ್ಷೆ ನಡೆಯುವುದು ಹತ್ತಾರು ಕ್ಯಾಮೆರಾ ಇರುವ ಕ್ರೀಡಾಂಗಣದಲ್ಲಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಂಥ ಹೋಬಳಿ ಊರುಗಳಲ್ಲಿ ಟೆನಿಸ್ ಬಾಲ್ ಪಂದ್ಯಗಳಿಗೆ ಟಿವಿ ಅಂಪೈರ್ ಇರುವುದಿಲ್ಲ, ನಿಯಮದ ಪುಸ್ತಕವೂ ಇರುವುದಿಲ್ಲ. ಹಳ್ಳಿಯ ಆಟಗಳಲ್ಲಿ ಬ್ಯಾಟಿಂಗ್ ಮಾಡುವ ತಂಡದವನೇ ಒಬ್ಬ ಅಂಪೈರ್ ಆಗಿ ನಿಲ್ಲುವುದು ಹಳೆಯ ವಾಡಿಕೆ. ತನ್ನ ಕಡೆಯವನೇ ಕ್ರೀಸ್ ಬಿಟ್ಟು ಓಡಿದಾಗ ಅವನು ಔಟ್ ಎನ್ನಬೇಕಾಗುತ್ತದೆ. ಎದುರಾಳಿಯ ಮನಸ್ಸಿನಲ್ಲಿ ಏನಿತ್ತು ಎಂದು ಅವನನ್ನು ಕೇಳಿದರೆ ಎಂಥ ಪ್ರಾಮಾಣಿಕನೂ ತನ್ನವರ ಕಡೆಗೆ ವಾಲುತ್ತಾನೆ, ವಾಲದಿದ್ದರೂ ವಾಲಿದನೆಂಬ ದೂರು ಬರುತ್ತದೆ. ಕೈ ತುದಿಗೇರುವ ಮೊದಲು ಬೇಲ್ಸ್ ಬಿತ್ತೇ, ಪಾದ ಗೆರೆಯ ಹೊರಗಿತ್ತೇ ಎಂದು ಕೇಳಿದರೆ ಅವನು ಕಂಡದ್ದನ್ನು ಹೇಳಬಹುದು, ಸುತ್ತ ನಿಂತವರೂ ಅದನ್ನೇ ಕಂಡಿರುತ್ತಾರೆ. ಬಡಪಾಯಿ ಅಂಪೈರ್‌ಗೆ ರಕ್ಷಣೆ ಕೊಡುವುದು ಹಾಗೆ ಎಲ್ಲರೂ ಕಂಡ ಗುರುತೇ. ದೊಡ್ಡ ಆಟಗಳ ನಿಯಮ ಬರೆಯುವವರು ಈ ಅಂಪೈರ್‌ನನ್ನು ಕಣ್ಮುಂದೆ ಇಟ್ಟುಕೊಂಡು ಬರೆಯಬೇಕು. ಅವನಿಗೆ ಕೆಲಸಕ್ಕೆ ಬರುವ ನಿಯಮ ಲಾರ್ಡ್ಸ್‌ನಲ್ಲೂ ನಡೆಯುತ್ತದೆ. ಲಾರ್ಡ್ಸ್‌ನಲ್ಲಿ ಮಾತ್ರ ನಡೆಯುವ ನಿಯಮ ಕೋಟ್ಯಂತರ ಜನ ಆಡುವ ಆಟಕ್ಕೆ ಸಾಲದು.

ಗುರುತೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಕೈ ತುದಿಗೇರಿದ ಕ್ಷಣವನ್ನು ಹಿಡಿಯಲು ಅಂಪೈರ್ ಕಣ್ಣು ಪಳಗಬೇಕು, ಬೌಲರ್‌ನ ಪಾದ ನೋಡುವಾಗಲೇ ನಾನ್‌ಸ್ಟ್ರೈಕರ್‌ನ ಬ್ಯಾಟ್ ಮೇಲೂ ನಿಗಾ ಇರಬೇಕು. ಅದು ಕಲಿಸಬಹುದಾದ, ಅಭ್ಯಾಸದಿಂದ ಬರುವ ಕೆಲಸ. ತಾಲ್ಲೂಕು ಮಟ್ಟದ ದೈಹಿಕ ಶಿಕ್ಷಕರಿಗೆ, ಊರ ಟೂರ್ನಮೆಂಟ್ ನಡೆಸುವ ಯುವಕ ಸಂಘಗಳಿಗೆ ಕಬಡ್ಡಿ, ಖೋ-ಖೋ ನಿಯಮಗಳ ಜೊತೆಗೆ ಇದನ್ನೂ ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟು ಕಲಿಸಿದರೆ ಅರ್ಧ ಜಗಳ ಹುಟ್ಟುವ ಮೊದಲೇ ಮುಗಿಯುತ್ತದೆ. ಮನಸ್ಸು ಓದುವುದನ್ನು ಯಾರೂ ಯಾರಿಗೂ ಕಲಿಸಲಾರರು. ಓವಲ್‌ನಲ್ಲಿ ಜಾಗ ಕಳೆದುಕೊಂಡ ಲಿಲಿವೈಟ್, ಸಿಡ್ನಿಯಿಂದ ಆಪಾದನೆ ಹೊತ್ತು ಬಂದ ಮಂಕಡ್, ಮೆಲ್ಬರ್ನ್‌ನಲ್ಲಿ ಹುಟ್ಟಿನಿಂದ ಬಂದ ಕೈಯ ಬಾಗಿಗೆ ಅಪರಾಧಿಯಾದ ಮುರಳೀಧರನ್ ಎಲ್ಲರೂ ಒಂದೇ ಬಗೆಯ ತಪ್ಪಿನ ಬಲಿಗಳು. ನಿಯಮವೋ ವಾಡಿಕೆಯೋ ಕಾಣದ್ದನ್ನು ಅಳೆಯಲು ಹೊರಟ ತಪ್ಪದು. ಅಂಪೈರ್‌ಗೆ ಕಾಣುವ ಗೆರೆಯನ್ನು ಕೊಟ್ಟು, ಔದಾರ್ಯವನ್ನು ಆಟಗಾರರ ಇಷ್ಟಕ್ಕೆ ಬಿಟ್ಟರೆ ನ್ಯಾಯವೂ ಉಳಿಯುತ್ತದೆ, ಔದಾರ್ಯಕ್ಕೂ ಬೆಲೆ ಬರುತ್ತದೆ.